ತುಳಸಿಗೆ ಎಷ್ಟು ಬಿಸಿಲು, ದೊಡ್ಡಪತ್ರೆಗೆ ಎಷ್ಟು ನೆರಳು?

ರಜೆ ಮುಗಿಸಿ ಸಿಂಧಘಟ್ಟದಿಂದ ಮೈಸೂರಿಗೋ ಬೆಂಗಳೂರಿಗೋ ಹೊರಡುವ ಮೊಮ್ಮಕ್ಕಳ ಚೀಲಕ್ಕೆ ಅಜ್ಜಿಯರು ಹುರುಳಿಕಾಳು, ಕೊಬ್ಬರಿ, ಬೆಲ್ಲ ತುಂಬುತ್ತಾರೆ. ಅದರ ಜೊತೆ ಒಮ್ಮೊಮ್ಮೆ ಒಂದು ತುಳಸಿ ಸಸಿ, ನಾಲ್ಕು ದೊಡ್ಡಪತ್ರೆ ಕಡ್ಡಿಯೂ ಹೊರಡುತ್ತವೆ. ಊರಿನ ಅಂಗಳದಲ್ಲಿ ಯಾರೂ ವಿಚಾರಿಸದಿದ್ದರೂ ಪೊದೆಯಾಗಿ ಬೆಳೆಯುತ್ತಿದ್ದ ತುಳಸಿ, ಪಟ್ಟಣದ ಮನೆಯೊಳಗೆ ಎರಡೇ ತಿಂಗಳಲ್ಲಿ ಸೊರಗಿ ಕಡ್ಡಿಯಾಗುತ್ತದೆ.

ಮಕ್ಕಳು ಪಾಪ ಎಂದು ಇನ್ನೊಂದು ಚೊಂಬು ನೀರು ಸುರಿಯುತ್ತಾರೆ. ಸುದ್ದಿ ಕೇಳಿದ ಅಜ್ಜಿ, ತುಳಸಿ ಒಣಗಿದರೆ ಮನೆಗೆ ಒಳ್ಳೆಯದಲ್ಲವಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಯಾರೂ ನೊಂದುಕೊಳ್ಳಬೇಕಾಗಿಲ್ಲ. ಬಹಳ ಸಲ ಆ ಗಿಡಕ್ಕೆ ಸಾಲದೆ ಬಂದದ್ದು ನೀರೂ ಅಲ್ಲ, ಭಕ್ತಿಯೂ ಅಲ್ಲ, ಬೆಳಕು. ಬೆಳಕು ಕಡಿಮೆಯಾದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಆಗ ಹೆಚ್ಚು ನೀರು ಹಾಕಿದರೆ ಬೇರು ಕೊಳೆಯುತ್ತದೆ.

ಒಂದೇ ಮನೆತನ, ಬೇರೆ ಬೇರೆ ಬಯಕೆ

ಮಕ್ಕಳೇ, ತುಳಸಿಯ ಎಳೆ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ನಿಧಾನವಾಗಿ ತಿರುಗಿಸಿ. ಅದು ಗುಂಡಗಿಲ್ಲ, ನಾಲ್ಕು ಮೂಲೆ ಇವೆ. ಎಲೆಗಳು ಎರಡೆರಡಾಗಿ ಎದುರುಬದುರು ಇವೆ. ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆಗಳಲ್ಲೂ ಇದೇ ಎದುರುಬದುರು ಎಲೆ, ಉಜ್ಜಿದರೆ ಘಮ್ಮೆನ್ನುವ ವಾಸನೆ. ಇವೆಲ್ಲ ಒಂದೇ ಕುಟುಂಬದವು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಲೇಮಿಯೇಸಿ ಎಂದು ಹೆಸರು.

ಈ ಮನೆತನದ ದೂರದ ನೆಂಟನೊಬ್ಬ ಮೆಕ್ಸಿಕೊ ಮತ್ತು ಗ್ವಾಟೆಮಾಲಾ ದೇಶಗಳ ಎತ್ತರದ ತಂಪು ಬೆಟ್ಟಗಾಡಿನಲ್ಲಿದ್ದಾನೆ. ಹೆಸರು ಪೈನಾಪಲ್ ಸೇಜ್. ಎಲೆ ಉಜ್ಜಿದರೆ ಅನಾನಸ್ ಹಣ್ಣಿನ ಪರಿಮಳ. ಆಳೆತ್ತರಕ್ಕೆ ಹತ್ತಿರ ಬೆಳೆದು, ಉದ್ದ ಕೊಳವೆಯಂಥ ಕೆಂಪು ಹೂ ಬಿಡುತ್ತದೆ. ಅಲ್ಲಿ ಆ ಹೂವಿನ ಜೇನು ಹೀರುವುದು ಝೇಂಕಾರದ ಹಕ್ಕಿ.

ನೆಂಟರೆಲ್ಲ ಒಂದೇ ಊಟ ಮಾಡುವುದಿಲ್ಲ ಅಲ್ಲವೇ? ಹಾಗೆಯೇ ಇವೂ. ತುಳಸಿ ಬಿಸಿಲಿನ ಗಿಡ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಪೈನಾಪಲ್ ಸೇಜ್‌ಗೂ ಅಷ್ಟೇ ಬೇಕು. ಆದರೆ ತಂಪು ನಾಡಿನಿಂದ ಬಂದದ್ದಾದ್ದರಿಂದ ನಮ್ಮ ಮಾರ್ಚ್, ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಉರಿಯಲ್ಲಿ ಅದಕ್ಕೆ ಸ್ವಲ್ಪ ನೆರಳು ಕೊಡಬೇಕು. ದೊಡ್ಡಪತ್ರೆಗೂ ಪುದೀನಕ್ಕೂ ಬೆಳಗಿನ ಮೂರ್ನಾಲ್ಕು ಗಂಟೆಯ ಎಳೆ ಬಿಸಿಲು ಸಾಕು. ಸುಡುಬಿಸಿಲಿನಲ್ಲಿಟ್ಟ ದೊಡ್ಡಪತ್ರೆಯ ಎಲೆ ಚಿಕ್ಕದಾಗಿ, ದಪ್ಪವಾಗಿ, ಹಳದಿಗೆ ತಿರುಗುತ್ತದೆ. ಅರೆನೆರಳಿನಲ್ಲಿ ಬೆಳೆದದ್ದು ಅಗಲವಾಗಿ, ಮೆತ್ತಗೆ, ಬಜ್ಜಿಗೂ ತಂಬುಳಿಗೂ ಹೇಳಿ ಮಾಡಿಸಿದಂತೆ ಇರುತ್ತದೆ.

ನಮ್ಮ ಕಣ್ಣು ಮೋಸ ಹೋಗುತ್ತದೆ

‘ನಮ್ಮ ಹಾಲಿನಲ್ಲಿ ಬೇಕಾದಷ್ಟು ಬೆಳಕಿದೆಯಲ್ಲ’ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಗುಟ್ಟು. ಬೆಳಕನ್ನು ಅಳೆಯಲು ಲಕ್ಸ್ ಎಂಬ ಅಳತೆ ಇದೆ. ಮೋಡವಿಲ್ಲದ ನಡುಮಧ್ಯಾಹ್ನ ಅಂಗಳದಲ್ಲಿ ಸುಮಾರು 1,00,000 ಲಕ್ಸ್ ಬೆಳಕಿರುತ್ತದೆ. ಹೊರಗಡೆಯೇ, ಆದರೆ ಬಯಲಿನ ನೆರಳಿನಲ್ಲಿ, ಸುಮಾರು 10,000. ಬಿಸಿಲು ಬೀಳದ ಕಿಟಕಿಯ ಹತ್ತಿರ 1,000ದಿಂದ 2,000. ಕೋಣೆಯ ನಡುವೆ ಬರೀ 100ರಿಂದ 300!

ಅಂದರೆ ಅಂಗಳಕ್ಕೂ ಹಾಲಿನ ನಡುವೆ ಇಟ್ಟ ಕುಂಡಕ್ಕೂ ನೂರಾರು ಪಟ್ಟು ವ್ಯತ್ಯಾಸ. ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗಿ, ಬಿಸಿಲಲ್ಲಿ ಕುಗ್ಗಿ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ. ಗಿಡಕ್ಕೆ ಬೆಳಕೆಂದರೆ ನೋಡುವ ಸಾಧನವಲ್ಲ. ಬೆಳಕಿನಿಂದಲೇ ಅದು ತನ್ನ ಅಡುಗೆ ಮಾಡಿಕೊಳ್ಳಬೇಕು. ಒಲೆ ಉರಿ ನೂರು ಪಟ್ಟು ಕಡಿಮೆಯಾದರೆ ಮುದ್ದೆ ಬೇಯುತ್ತದೆಯೇ?

ಗಿಡದ ಹಸಿವನ್ನು ಅದರ ಮೈಯಲ್ಲೇ ಓದಬಹುದು. ಎಲೆಯಿಂದ ಎಲೆಗೆ ಅಂತರ ಉದ್ದವಾಗುತ್ತದೆ, ಕಾಂಡ ಸಣ್ಣಗಾಗುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ, ಇಡೀ ಗಿಡ ಕಿಟಕಿಯ ಕಡೆ ಬಾಗುತ್ತದೆ. ಬಾಗುವುದು ಏಕೆಂದರೆ, ನೆರಳಿನ ಬದಿಯ ಕಾಂಡ ಬೆಳಕಿನ ಬದಿಗಿಂತ ಬೇಗ ಉದ್ದವಾಗುತ್ತದೆ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆ ಸೇರಿ ಹುಲ್ಲಿನ ಮೊಳಕೆಗಳ ತುದಿಗೆ ಪುಟ್ಟ ಟೋಪಿ ಹಾಕಿ ಇದನ್ನು ಪರೀಕ್ಷಿಸಿ, 1880ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಟೋಪಿ ಹಾಕಿದ ಮೊಳಕೆ ಬೆಳಕಿನತ್ತ ಬಾಗಲಿಲ್ಲ. ಬೆಳಕನ್ನು ಗುರುತಿಸುವುದು ಮೊಳಕೆಯ ತುದಿ ಎಂದು ಅಪ್ಪ ಮಗ ಕಂಡುಕೊಂಡರು.

ಯಾವ ಕಿಟಕಿ ಒಳ್ಳೆಯದು?

ಯುರೋಪು, ಅಮೆರಿಕದ ತೋಟಗಾರಿಕೆ ಪುಸ್ತಕಗಳು ‘ದಕ್ಷಿಣದ ಕಿಟಕಿಯಲ್ಲಿಡಿ’ ಎನ್ನುತ್ತವೆ. ಅಲ್ಲಿಗೆ ಅದು ಸರಿ. ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ಅವರಿಗೆ ದಕ್ಷಿಣದಲ್ಲೇ ಇರುತ್ತಾನೆ. ನಮ್ಮಲ್ಲಿ ಹಾಗಲ್ಲ. ಸಿಂಧಘಟ್ಟ ಇರುವುದು ಉತ್ತರ ಅಕ್ಷಾಂಶ 12 ಮತ್ತು 13 ಡಿಗ್ರಿಗಳ ನಡುವೆ. ಇಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಕಾಣುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ನೋಡುವುದು ಇದನ್ನೇ.

ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಸೂರ್ಯ ನಮ್ಮ ಉತ್ತರದ ಬದಿಯಲ್ಲೇ ಸಾಗುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ಅದೇ ಕಿಟಕಿಗೆ ಒಳ್ಳೆಯ ಬಿಸಿಲು ಕೊಡುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಯ ಕುಂಡ ಬೇಸಿಗೆಗೊಂದು ಜಾಗ, ಚಳಿಗಾಲಕ್ಕೊಂದು ಜಾಗ ಕೇಳುತ್ತದೆ. ವರ್ಷವಿಡೀ ನಂಬಬಹುದಾದದ್ದು ಮೂಡಣ ಕಿಟಕಿ ಅಥವಾ ಬಾಲ್ಕನಿ. ಎದುರಿಗೆ ಎತ್ತರದ ಕಟ್ಟಡವಿಲ್ಲದಿದ್ದರೆ ಬೆಳಗಿನ ಬಿಸಿಲು ಅಲ್ಲಿ ಖಂಡಿತ. ಕುಂಡವನ್ನು ಕಿಟಕಿಯಿಂದ ಒಂದು ಮೊಳದೊಳಗೇ ಇಡಿ. ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ. ಸೊಳ್ಳೆ ಪರದೆಯ ಧೂಳು ಒರೆಸಿ, ಅದೂ ಬೆಳಕನ್ನು ತಿನ್ನುತ್ತದೆ.

ತೊಟ್ಟಿಮನೆಯ ತೊಟ್ಟಿ ಆಕಾಶಕ್ಕೆ ತೆರೆದಿರುತ್ತಿತ್ತು. ಅಂಗಳದ ತುಳಸಿಕಟ್ಟೆ ಸೂರಿನಿಂದ ದೂರ, ನೆಲದಿಂದ ಎತ್ತರದಲ್ಲಿ ಇರುತ್ತಿತ್ತು. ಅಲ್ಲಿ ಗಿಡಕ್ಕೆ ಬಿಸಿಲು ತಾನಾಗಿ ಸಿಗುತ್ತಿತ್ತು. ಫ್ಲ್ಯಾಟಿನಲ್ಲಿ ನಾವು ಅದನ್ನು ಹುಡುಕಿಕೊಡಬೇಕು. ಮನೆಯೊಳಗೆ ಬೆಳೆದ ಗಿಡವನ್ನು ಹೊರಗೆ ಇಡುವುದಾದರೆ ಒಮ್ಮೆಲೇ ಬೇಡ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಒಂದು ವಾರದಲ್ಲಿ ರೂಢಿ ಮಾಡಿಸಿ. ಇಲ್ಲದಿದ್ದರೆ ಎಳೆ ಎಲೆ ಸುಟ್ಟುಹೋಗುತ್ತದೆ.

ಬಿಸಿಲೇ ಬಾರದ ಮನೆಯೆಂದರೆ, ಗಿಡದಿಂದ ಒಂದು ಗೇಣು ಮೇಲೆ ಬಿಳಿ ಎಲ್‌ಇಡಿ ದೀಪವನ್ನು ದಿನಕ್ಕೆ 12 ಗಂಟೆ ಉರಿಸಬಹುದು. ಸೂರಿನಲ್ಲಿರುವ ದೀಪದಿಂದ ಪ್ರಯೋಜನವಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಹೂವಿಗೆ ಕತ್ತಲೂ ಬೇಕು

ಎಲೆ ಕೇಳುವುದು ಬೆಳಕನ್ನು. ಕೆಲವು ಗಿಡಗಳ ಹೂವು ಕೇಳುವುದು ಉದ್ದನೆಯ ರಾತ್ರಿಯನ್ನು. ಪೈನಾಪಲ್ ಸೇಜ್ ಅಂಥದು. ಹಗಲು ಕುಗ್ಗುವ ಕಾಲದಲ್ಲೇ ಅದು ಮೊಗ್ಗು ಕಟ್ಟುತ್ತದೆ. ನಮ್ಮ ಭಾಗದಲ್ಲಿ ಜೂನ್‌ನಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷ. ಇಷ್ಟು ಚಿಕ್ಕ ವ್ಯತ್ಯಾಸವನ್ನೂ ಗಿಡ ಲೆಕ್ಕ ಹಾಕುತ್ತದೆ! ಮಂಡ್ಯ ಸೀಮೆಯ ಗದ್ದೆಗಳಲ್ಲಿ ಕಬ್ಬಿಗೆ ಸೂಲಂಗಿ ಬರುವುದೂ ಹಗಲು ಕುಗ್ಗುವ ಕಾಲದಲ್ಲೇ.

ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಬೇಸಿಗೆಯಿಡೀ ಹೂ ಬಿಡದ ಒಂದು ಜಾತಿಯ ಹೊಗೆಸೊಪ್ಪಿನ ಗಿಡಗಳನ್ನು ದಿನವೂ ಹೊತ್ತಿಗೆ ಮುಂಚೆ ಕತ್ತಲ ಕೊಟ್ಟಿಗೆಗೆ ಸೇರಿಸಿದರು. ಗಿಡ ಹೂ ಬಿಟ್ಟಿತು. 1920ರಲ್ಲಿ ಈ ಸಂಗತಿ ಪ್ರಕಟವಾಯಿತು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲದ ತುಂಬ ಬಲ್ಬು ಉರಿಯುವುದಕ್ಕೂ ಇದೇ ಕಾರಣ. ರಾತ್ರಿಯನ್ನು ಬೆಳಕಿನಿಂದ ತುಂಡರಿಸಿದರೆ ಸೇವಂತಿಗೆ ಹೂ ಬಿಡದೆ ಎತ್ತರ ಬೆಳೆಯುತ್ತದೆ. ಬಲ್ಬು ಆರಿಸಿದ ಮೇಲೆ ಮೊಗ್ಗು ಕಟ್ಟುತ್ತದೆ. ಹಬ್ಬಕ್ಕೆ ಸರಿಯಾಗಿ ಹೂ ತರಲು ರೈತರು ಕಂಡುಕೊಂಡ ದಾರಿ ಇದು. ಹಾಗಾಗಿ ಸೇವಂತಿಗೆಯನ್ನೋ ಪೈನಾಪಲ್ ಸೇಜನ್ನೋ ಬೀದಿ ದೀಪದ ಕೆಳಗೆ, ನಡುರಾತ್ರಿಯವರೆಗೆ ಟಿವಿ ನೋಡುವ ಹಾಲಿನಲ್ಲಿ ಇಟ್ಟು ಹೂವಿಗೆ ಕಾಯಬೇಡಿ.

ಅಜ್ಜಿ-ತಾತನ ಜೊತೆ ಮಾಡಿ ನೋಡಿ

ಗಿಡ ಇಡಬೇಕೆಂದಿರುವ ಜಾಗದಲ್ಲಿ, ಬಿಸಿಲಿನ ದಿನ ಮಧ್ಯಾಹ್ನ ಒಂದು ಬಿಳಿ ಕಾಗದ ಹಾಸಿ. ಅದರಿಂದ ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ಅಂಚು ಚೂಪಾಗಿ ಕಂಡರೆ ತುಳಸಿಯ ಜಾಗ. ನೆರಳು ಮಸುಕಾಗಿದ್ದರೆ ದೊಡ್ಡಪತ್ರೆಯ ಜಾಗ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಬೇಡ, ಪುಸ್ತಕ ಇಡಿ. ನೇರ ಬಿಸಿಲು ಎಷ್ಟು ಗಂಟೆ ಇರುತ್ತದೆ ಎಂದೂ ಗಂಟೆಗೊಮ್ಮೆ ನೋಡಿ ಬರೆದುಕೊಳ್ಳಿ.

ಇನ್ನೊಂದು ಆಟ. ಒಂದೇ ಅಳತೆಯ ಮೂರು ದೊಡ್ಡಪತ್ರೆ ಕಡ್ಡಿಗಳನ್ನು ಒಂದೇ ಮಣ್ಣಿನ ಮೂರು ಕುಂಡಗಳಲ್ಲಿ ನೆಡಿ. ಬೇರು ಬಿಟ್ಟ ಮೇಲೆ ಒಂದನ್ನು ಬಿಸಿಲಿನಲ್ಲಿ, ಒಂದನ್ನು ಮೂಡಣ ಕಿಟಕಿಯಲ್ಲಿ, ಒಂದನ್ನು ಕೋಣೆಯ ಮೂಲೆಯಲ್ಲಿಡಿ. ಬೆರಳು ಹಾಕಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. 21 ದಿನ ಎಲೆಯ ಅಗಲ, ಎಲೆಯಿಂದ ಎಲೆಗೆ ಇರುವ ಅಂತರ ಅಳೆದು ಬರೆಯಿರಿ. ಅಳೆಯುವ ಕೆಲಸ ನಿಮ್ಮದು. ಯಾವ ಎಲೆಯ ಬಜ್ಜಿ ರುಚಿ ಎಂದು ತೀರ್ಪು ಕೊಡುವುದು ಅಜ್ಜಿಯ ಕೆಲಸ.