ಎಲೆಯ ತುದಿಯಲ್ಲೊಂದು ಸಕ್ಕರೆ ಗಿಳಿ

ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಅಜ್ಜಿ ಅಟ್ಟದ ಮೇಲಿನ ಗೋಣಿಚೀಲ ಇಳಿಸಿಕೊಳ್ಳುತ್ತಿದ್ದರು. ಚೀಲದೊಳಗೆ ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ತೇಗದ ಅಚ್ಚುಗಳು. ಮುಚ್ಚಿದ್ದಾಗ ಅವು ಬರೀ ಮರದ ತುಂಡುಗಳು. ಬಿಡಿಸಿದರೆ ಈ ಹೋಳಿನಲ್ಲಿ ಅರ್ಧ ಗಿಳಿ, ಆ ಹೋಳಿನಲ್ಲಿ ಇನ್ನರ್ಧ ಗಿಳಿ. ರೆಕ್ಕೆಯ ಗೆರೆಗಳನ್ನು ಉಗುರಿನಲ್ಲಿ ಎಣಿಸಬಹುದಾದಷ್ಟು ಅಚ್ಚುಕಟ್ಟಾಗಿ ಕೊರೆದಿರುತ್ತಿತ್ತು. ಮೀನು, ಆನೆ, ಕಮಲ, ಕಳಶ, ಗೋಪುರ, ತುಳಸಿ ಬೃಂದಾವನ ಎಲ್ಲವೂ ಇದ್ದವು. ಬೃಂದಾವನದಂಥ ದೊಡ್ಡ ಅಚ್ಚುಗಳಿಗೆ ಎರಡಕ್ಕಿಂತ ಹೆಚ್ಚು ಹೋಳುಗಳೂ ಇರುತ್ತವೆ.

ಹಳೇ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯೆಂದರೆ ಎಳ್ಳು ಬೀರುವ ಹಬ್ಬ. ಬಿಳಿ ಎಳ್ಳು, ಹುರಿಗಡಲೆ, ಸಿಪ್ಪೆ ತೆಗೆದ ಕಡಲೆಬೀಜ, ಸಣ್ಣಗೆ ಹೆಚ್ಚಿದ ಕೊಬ್ಬರಿ ಮತ್ತು ಬೆಲ್ಲ ಬೆರೆಸಿದ ಪೊಟ್ಟಣ, ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿಹಣ್ಣು, ಜೊತೆಗೊಂದು ಸಕ್ಕರೆ ಅಚ್ಚು. ಇಷ್ಟನ್ನು ತಟ್ಟೆಯಲ್ಲಿಟ್ಟುಕೊಂಡು, ಹೊಸ ಲಂಗ ಉಟ್ಟ ಹೆಣ್ಣುಮಕ್ಕಳು ಮನೆಮನೆಗೆ ಹೋಗುತ್ತಾರೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುವುದು ಆ ತಟ್ಟೆಯ ಜೊತೆಗೇ ಬರುವ ಮಾತು. ಮಗುವಿನ ಮೊದಲ ಸಂಕ್ರಾಂತಿಯಾದರೆ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ತಲೆಯ ಮೇಲಿಂದ ಸುರಿದು ಕರಿ ಎರೆಯುತ್ತಾರೆ.

ಯಾವ ಮನೆಗೆ ಯಾವ ಅಚ್ಚು ಎಂಬುದನ್ನು ಅಜ್ಜಿ ಮೊದಲೇ ಲೆಕ್ಕ ಹಾಕಿರುತ್ತಿದ್ದರು. ಹೊಸದಾಗಿ ಮದುವೆಯಾದ ಮಗಳಿರುವ ಮನೆಗೆ ಬೃಂದಾವನ, ಪುಟ್ಟ ಮಕ್ಕಳ ಮನೆಗೆ ಆನೆ. ಎದುರುಮನೆಯ ಮೇಷ್ಟ್ರಿಗೆ ಪ್ರತಿವರ್ಷವೂ ಮೀನೇ ಆಗಬೇಕು. ಕೊಡುವ ವಸ್ತುವಿನ ಮೇಲೆ ಹೆಸರು ಬರೆದಿರಲಿಲ್ಲ, ಆದರೆ ಅದು ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಹಬ್ಬದ ರಾತ್ರಿ ತಾರಸಿಯ ಮೇಲೆ ಸುಗ್ಗಿಯ ಊಟ ಇಟ್ಟುಕೊಂಡಿದ್ದೇವೆ. ಅವರೆಕಾಳಿನ ಹುಳಿ, ಸಿಹಿ ಪೊಂಗಲ್, ಖಾರ ಪೊಂಗಲ್, ಬೇಯಿಸಿದ ಗೆಣಸು, ಕಡಲೆಕಾಯಿ. ನೆಂಟರು, ಅಕ್ಕಪಕ್ಕದ ಮನೆಯವರು ಸೇರಿ ಇಪ್ಪತ್ತು ಎಲೆ ಬೀಳುತ್ತವೆ. ಪ್ರತಿ ಎಲೆಯ ತುದಿಯಲ್ಲೂ ಒಂದು ಸಕ್ಕರೆ ಅಚ್ಚು, ಪಕ್ಕದಲ್ಲಿ ಹೆಸರಿನ ಚೀಟಿ. ಮಕ್ಕಳು ಓಡಿಬಂದು ತಮ್ಮ ಗಿಳಿ ಎಲ್ಲಿದೆ ಎಂದು ಹುಡುಕುತ್ತಾರೆ. ದೊಡ್ಡವರೂ ಹುಡುಕುತ್ತಾರೆ. ಊಟಕ್ಕೆ ಕರೆಯುವುದು ಬೇರೆ, ಬರುವವರಿಗಾಗಿ ಹಿಂದಿನ ವಾರವೇ ಒಲೆಯ ಮುಂದೆ ನಿಂತಿದ್ದೆವು ಎಂದು ತೋರಿಸುವುದು ಬೇರೆ. ಅಂಗಡಿಯ ಎಷ್ಟೇ ದುಬಾರಿ ಪೊಟ್ಟಣಕ್ಕೂ ಆ ಎರಡನೆಯ ಮಾತು ಬರುವುದಿಲ್ಲ.

ಅಚ್ಚಿನ ಕೆಲಸ ಶುರುವಾಗುವುದು ನೀರಿನಿಂದ. ಅಚ್ಚುಗಳು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿರಬೇಕು. ನೀರು ಕುಡಿದ ಮರ ಪಾಕವನ್ನು ಹೀರುವುದಿಲ್ಲ, ಗೊಂಬೆ ಅಂಟಿಕೊಳ್ಳುವುದಿಲ್ಲ. ಮೊದಲ ವರ್ಷ ನಾನು ಒಂದೇ ಗಂಟೆ ನೆನೆಸಿ ಆತುರಪಟ್ಟೆ. ಆರು ಗಿಳಿಗಳ ಕೊಕ್ಕು ಅಚ್ಚಿನಲ್ಲೇ ಉಳಿದವು, ಅವನ್ನು ಬಿದಿರಿನ ಕಡ್ಡಿಯಲ್ಲಿ ಕೆರೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಚಾಕು ತಾಗಿಸಬಾರದು, ಕೊರೆದ ಗೆರೆ ಹಾಳಾದರೆ ಅಚ್ಚು ಮುಗಿದಂತೆ.

ಆಮೇಲೆ ಸಕ್ಕರೆಯ ಕೊಳೆ ತೆಗೆಯುವುದು. ಒಂದು ಕಿಲೋ ಸಕ್ಕರೆಗೆ ಸುಮಾರು ಅರ್ಧ ಲೀಟರ್ ನೀರು ಹಾಕಿ ಕುದಿಸಿ, ಕುದಿ ಬಂದಾಗ ಅರ್ಧ ಲೋಟ ಹಾಲು ಹುಯ್ಯುತ್ತಾರೆ. ಬಿಸಿಗೆ ಗಟ್ಟಿಯಾಗುವ ಹಾಲಿನ ಪ್ರೋಟೀನು ಸಕ್ಕರೆಯಲ್ಲಿರುವ ಕಸವನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಸೌಟಿನಲ್ಲಿ ತೆಗೆದು, ಉಳಿದದ್ದನ್ನು ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಬಿಳಿ ಸಕ್ಕರೆಯಲ್ಲಿ ಇಷ್ಟು ಕೊಳೆ ಎಲ್ಲಿತ್ತು ಎಂದು ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ಗೊಂಬೆ ಹಾಲಿನಂತೆ ಬೆಳ್ಳಗೆ ಬರಬೇಕಾದರೆ ಈ ಸೋಸುವಿಕೆ ಬೇಕು.

ಸೋಸಿದ ಪಾಕವನ್ನೆಲ್ಲ ಒಟ್ಟಿಗೆ ಕಾಯಿಸುವ ಹಾಗಿಲ್ಲ. ಸಣ್ಣ ಪಾತ್ರೆಗೆ ಎರಡು ಸೌಟು ಹಾಕಿ, ಎಳೆ ಬರುವವರೆಗೆ ಕಾಯಿಸಿ, ಒಲೆಯಿಂದ ಇಳಿಸಿ ಬಿಡದೆ ತಿರುವಬೇಕು. ಇದರ ಹಿಂದಿನ ಲೆಕ್ಕ ಸರಳ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಅದೇ ನೀರು ಕುದಿಯುವಾಗ 480 ಗ್ರಾಂಗೂ ಹೆಚ್ಚು ಕರಗಿಸಿಕೊಳ್ಳುತ್ತದೆ. ಆರುತ್ತಾ ಬಂದಂತೆ ಹೆಚ್ಚಾದ ಸಕ್ಕರೆ ಹರಳಾಗಲೇಬೇಕು. ಸುಮ್ಮನೆ ಬಿಟ್ಟರೆ ಕಲ್ಲುಸಕ್ಕರೆಯಂಥ ದೊಡ್ಡ ಹರಳು, ತಿರುವಿದರೆ ಕಣ್ಣಿಗೆ ಕಾಣದಷ್ಟು ಸಣ್ಣವು. ಆ ಸಣ್ಣ ಹರಳುಗಳು ಮೂಡುವ ಗಳಿಗೆಯಲ್ಲೇ ತಿಳಿಯಾಗಿದ್ದ ಪಾಕ ಥಟ್ಟನೆ ಬೆಳ್ಳಗಾಗುತ್ತದೆ. ಆಗಲೇ ಅಚ್ಚಿನ ತೂತಿಗೆ ಹುಯ್ಯಬೇಕು. ಕ್ಷಣ ಮುಂಚೆ ಹುಯ್ದರೆ ಗಟ್ಟಿಯಾಗುವುದಿಲ್ಲ, ಕ್ಷಣ ತಡವಾದರೆ ಪಾತ್ರೆಯಲ್ಲೇ ಕೂತುಬಿಡುತ್ತದೆ.

ಆ ಗಳಿಗೆಯನ್ನು ಹಿಡಿಯುವುದು ಹೇಗೆ ಎಂದು ಅಜ್ಜಿಯನ್ನು ಕೇಳಿದ್ದೆ.

"ಕಣ್ಣಲ್ಲಿ ನೋಡ್ಬೇಡ, ಸೌಟಿನ ಸದ್ದು ಕೇಳು. ನೀರಿನ ಸದ್ದು ಹೋಗಿ ಮರಳಿನ ಸದ್ದು ಬರತ್ತೆ. ಬಂದ ತಕ್ಷಣ ಹುಯ್ದುಬಿಡು ಕಣೇ."

ಅದು ಅಕ್ಷರಶಃ ನಿಜ. ಪಾತ್ರೆಯ ತಳಕ್ಕೆ ಉಜ್ಜುವ ಸೌಟು ಸಣ್ಣಗೆ ಗರಗರ ಎನ್ನತೊಡಗುತ್ತದೆ. ಅದನ್ನು ಕೇಳಿಸಿಕೊಳ್ಳಲು ನನಗೆ ಮೂರು ಸಂಕ್ರಾಂತಿ ಹಿಡಿಯಿತು.

ಹುಯ್ದ ಹತ್ತು ನಿಮಿಷಕ್ಕೆ ಸಣ್ಣ ಅಚ್ಚುಗಳು ಸಿದ್ಧ. ಹೋಳುಗಳನ್ನು ಸೇರಿಸಿ ಕಟ್ಟಿದ ದಾರ ಬಿಚ್ಚಿ, ಮೆಲ್ಲಗೆ ತಟ್ಟಿದರೆ ಹೋಳು ಬಿಡುತ್ತದೆ. ಒಡೆದ ಗೊಂಬೆ ವ್ಯರ್ಥವಲ್ಲ, ನೀರು ಚಿಮುಕಿಸಿ ಮತ್ತೆ ಕಾಯಿಸಬಹುದು. ಪಾಕಕ್ಕೆ ನಿಂಬೆರಸ ಹಾಕುವುದಾದರೆ ಒಂದು ಹನಿಗಿಂತ ಹೆಚ್ಚು ಬೇಡ. ಹುಳಿ ಸಕ್ಕರೆಯನ್ನು ಒಡೆಯುತ್ತದೆ, ಪಾಕ ಅಂಟಂಟಾಗಿಯೇ ಉಳಿಯುತ್ತದೆ.

ಹೆಸರಿನ ಚೀಟಿಗೆ ನಾವು ಬಳಸುವುದು ಹಳೆಯ ಲಗ್ನಪತ್ರಿಕೆಗಳನ್ನು. ಎಸೆಯಲು ಮನಸ್ಸು ಬಾರದೆ ಎಲ್ಲರ ಮನೆಯಲ್ಲೂ ಒಂದು ಕಟ್ಟು ಬಿದ್ದಿರುತ್ತದೆ, ಕಾಗದವೂ ದಪ್ಪ. ಬರಹವಿಲ್ಲದ ಕಡೆ ನೋಡಿ ಮೂರಿಂಚು ಅಗಲ, ಎರಡಿಂಚು ಎತ್ತರಕ್ಕೆ ಕತ್ತರಿಸಿ, ಕನ್ನಡದಲ್ಲಿ ಕೈಯಾರೆ ಹೆಸರು ಬರೆಯುತ್ತೇವೆ. ಚೀಟಿ ನಿಲ್ಲಲು ಎರಡು ಅಂಗುಲದ ಕಬ್ಬಿನ ತುಂಡೇ ಸಾಕು. ಮೇಲೆ ಚಾಕುವಿನಿಂದ ಒಂದು ಸೀಳು ಹಾಕಿ ಸಿಕ್ಕಿಸಿದರಾಯಿತು. ಕಬ್ಬಿನ ಹಾಲಿಗೆ ಕಾಗದ ನೆನೆಯುತ್ತದೆ, ಹಾಗಾಗಿ ಕೆಳಗಿನ ಅಂಚಿಗೆ ಮೇಣದಬತ್ತಿ ಉಜ್ಜಿ. ಬರೀ ಹೆಸರಿಗಿಂತ ಮನೆಯಲ್ಲಿ ಕರೆಯುವ ಹಾಗೆ ಬರೆದರೆ ಚೆಂದ: ಸೀನಣ್ಣ, ದೊಡ್ಡತ್ತೆ, ಪುಟ್ಟಿ. ದೊಡ್ಡತ್ತೆ ತಮ್ಮ ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ಹೋದರು.

ಬಡಗಣ ಕರ್ನಾಟಕದ ಮನೆಗಳಲ್ಲಿ ಸಕ್ಕರೆ ಅಚ್ಚಿನ ಜಾಗ ಕುಸುರೆಳ್ಳಿನದು. ಅಗಲವಾದ ತಟ್ಟೆಯಲ್ಲಿ ಎಳ್ಳು ಹಾಕಿ, ಸಣ್ಣ ಉರಿಯ ಮೇಲೆ ಬೆರಳುಗಳಿಂದ ಆಡಿಸುತ್ತಾ ಹನಿಹನಿಯಾಗಿ ಪಾಕ ಹಾಕಬೇಕು. ಪ್ರತಿ ಕಾಳಿಗೂ ಸಕ್ಕರೆಯ ಸಣ್ಣ ಸಣ್ಣ ಮುಳ್ಳುಗಳು ಏಳುವವರೆಗೂ ಕೈ ನಿಲ್ಲುವ ಹಾಗಿಲ್ಲ. ಅಚ್ಚು ಒಂದು ಮಧ್ಯಾಹ್ನದ ಕೆಲಸವಾದರೆ ಕುಸುರೆಳ್ಳು ದಿನಗಟ್ಟಲೆ ಬೇಡುತ್ತದೆ. ತಾಳ್ಮೆಯಲ್ಲಿ ಇದೇ ದೊಡ್ಡ ವಿದ್ಯೆ ಎಂದು ನನ್ನ ಅಭಿಪ್ರಾಯ. ಅದನ್ನೇ ಪೋಣಿಸಿ ಹೊಸ ಸೊಸೆಗೆ, ಮಕ್ಕಳಿಗೆ ಒಡವೆ ಮಾಡಿ ತೊಡಿಸುವುದೂ ಉಂಟು.

ಸಕ್ಕರೆಯನ್ನು ಉಡುಗೊರೆಯಾಗಿ ಎರಕ ಹುಯ್ಯುವ ಆಸೆ ನಮಗೊಬ್ಬರಿಗೇ ಇದ್ದದ್ದಲ್ಲ. 1574ರಲ್ಲಿ ವೆನಿಸ್‌ಗೆ ಬಂದ ಫ್ರಾನ್ಸಿನ ದೊರೆ ಮೂರನೆಯ ಹೆನ್ರಿಗೆ ಸಕ್ಕರೆಯಲ್ಲೇ ಕರವಸ್ತ್ರ, ತಟ್ಟೆಗಳನ್ನು ಮಾಡಿ ಮೇಜು ಸಿಂಗರಿಸಿದ್ದರು. ಇಟಲಿಯ ಸುಲ್ಮೋನಾ ಊರಿನಲ್ಲಿ ಬಾದಾಮಿಗೆ ಸಕ್ಕರೆಯ ಹೊದಿಕೆ ಕೊಡುವ ಪೆಲಿನೊ ಮನೆತನದ ಕೆಲಸ 1783ರಿಂದ ನಡೆದಿದೆ. ಮದುವೆಗೆ ಬಂದವರಿಗೆ ಅಲ್ಲಿ ಐದು ಬಾದಾಮಿ ಕಟ್ಟಿ ಕೊಡುತ್ತಾರೆ. ಅವು ಹಾರೈಸುವುದು ಆರೋಗ್ಯ, ಐಶ್ವರ್ಯ, ಸಂತೋಷ, ಸಂತಾನ, ಆಯುಸ್ಸು. ನಮ್ಮ ಹೊಸ ಮದುಮಗಳು ಐದು ವರ್ಷ ಸಂಕ್ರಾಂತಿಗೆ ಬಾಳೆಹಣ್ಣು ಬೀರುವುದು ನೆನಪಾಗುತ್ತದೆ. ಮೆಕ್ಸಿಕೊದವರು ಇನ್ನೂ ಹತ್ತಿರ. ಹಿರಿಯರ ಹಬ್ಬಕ್ಕೆ ಅವರು ಎರಡು ಹೋಳಿನ ಮಣ್ಣಿನ ಅಚ್ಚಿಗೆ ಬಿಸಿ ಪಾಕ ಹುಯ್ದು ತಲೆಬುರುಡೆಗಳನ್ನು ಮಾಡಿ, ಹಣೆಯ ಮೇಲೆ ಹೆಸರು ಬರೆದು ಗೆಳೆಯರಿಗೆ ಕೊಡುತ್ತಾರೆ. ತೊಲೂಕ ಪಟ್ಟಣದಲ್ಲಿ ಅದರದೇ ಜಾತ್ರೆ. ಆ ಸಕ್ಕರೆ ಕೆಲಸಕ್ಕೆ ಅವರ ಹೆಸರು ಆಲ್ಫೆನಿಕೆ. ಈ ಮಾತು ಸ್ಪ್ಯಾನಿಷ್‌ಗೆ ಬಂದದ್ದು ಅರಬಿಯಿಂದ, ಅರಬಿಗೆ ಪಾರಸಿಯಿಂದ, ಪಾರಸಿಗೆ ಸಂಸ್ಕೃತದ ಫಾಣಿತದಿಂದ. ಫಾಣಿತವೆಂದರೆ ಕಬ್ಬಿನ ಹಾಲು ಕಾಯಿಸಿ ಇಳಿಸಿದ ಪಾಕ. ಇದನ್ನು ತಿಳಿದ ದಿನ ಅಜ್ಜಿಯ ಸೌಟಿನ ಮೇಲೆ ನನಗೆ ಗೌರವ ಇನ್ನಷ್ಟು ಹೆಚ್ಚಿತು.

ಜನವರಿ ಹುಟ್ಟುತ್ತಲೇ ಬೆಂಗಳೂರಿನ ಗಾಂಧಿಬಜಾರು, ಮಲ್ಲೇಶ್ವರ, ಮೈಸೂರಿನ ದೇವರಾಜ ಮಾರುಕಟ್ಟೆಗಳಲ್ಲಿ ಸಕ್ಕರೆ ಅಚ್ಚಿನ ರಾಶಿ ಬೀಳುತ್ತದೆ. ತರುವುದರಲ್ಲಿ ತಪ್ಪೇನಿಲ್ಲ, ಅದನ್ನು ಮಾಡುವವರ ಹೊಟ್ಟೆಪಾಡೂ ಅದೇ. ನನ್ನ ಚಿಂತೆ ಅಟ್ಟದ ಮೇಲಿರುವ ಅಚ್ಚುಗಳದು. ಬಳಸದೆ ಬಿಟ್ಟ ಮರ ಒಣಗಿ ಸೀಳು ಬಿಡುತ್ತದೆ, ಹುಳು ಹಿಡಿಯುವುದೂ ಉಂಟು. ಒಂದು ಹೋಳು ಕಳೆದುಹೋದರೂ ಇನ್ನೊಂದರಿಂದ ಪ್ರಯೋಜನವಿಲ್ಲ. ಮನೆ ಬದಲಾಯಿಸುವಾಗ ಸೌದೆಯೆಂದು ತಿಳಿದು ಎಸೆದವರನ್ನೂ ನಾನು ಕಂಡಿದ್ದೇನೆ.

ಅಮ್ಮನನ್ನೋ ಅತ್ತೆಯನ್ನೋ ಒಮ್ಮೆ ಕೇಳಿ ನೋಡಿ. ಚೀಲ ಸಿಕ್ಕರೆ ಹೋಳುಗಳನ್ನು ಜೋಡಿ ಸೇರಿಸಿ, ಜೋಡಿಗೊಂದು ದಾರ ಕಟ್ಟಿಡಿ. ಪಾಕದ ಹಿಂದಿನ ರಾತ್ರಿ ಮಲಗುವ ಮುನ್ನ ಎಲ್ಲವನ್ನೂ ಒಂದು ಬಕೆಟ್ ನೀರಿಗೆ ಹಾಕಿ. ಮರ ತೇಲುತ್ತದೆ, ಮೇಲೊಂದು ಕಲ್ಲು ಹೇರಲು ಮರೆಯಬೇಡಿ.