ಹೊರೆ ಇಳಿದ ಮೇಲೆ ಉಳಿಯುವ ಕರೆ: ನಿವೃತ್ತ ಜೀವನದ ಕುರಿತು ಒಂದು ಚಿಂತನೆ

‘ನಿವೃತ್ತಿ’ ಎಂಬುದು ಇಂದು ಕಚೇರಿಯ ಪದ. ಪಿಂಚಣಿ, ಬೀಳ್ಕೊಡುಗೆ, ಹಾರ, ಶಾಲುಗಳ ನೆನಪನ್ನು ಅದು ತರುತ್ತದೆ. ಭಾರತೀಯ ಚಿಂತನೆಯಲ್ಲಾದರೋ ಅದು ‘ಪ್ರವೃತ್ತಿ’ಗೆ ಎದುರಾಗಿ ನಿಂತ ಪದ, ಲೋಕವ್ಯವಹಾರದಿಂದ ಹಿಂದಿರುಗಿ ಒಳಮುಖವಾಗುವ ಸಾಧನೆಯ ಹೆಸರು. ವಾನಪ್ರಸ್ಥದ ಆದರ್ಶವೂ ಇದೇ ಹಾದಿಯದು. ನಮ್ಮ ಧರ್ಮಕೇಂದ್ರಗಳ ಅನೇಕ ಹಿರಿಯರು ಈ ಎರಡು ಅರ್ಥಗಳ ನಡುವೆ ಸಿಲುಕಿದ್ದಾರೆ. ಕಚೇರಿ ಅವರನ್ನು ಬೀಳ್ಕೊಟ್ಟಿದೆ. ಲೋಕವನ್ನು ತೊರೆಯುವ ಮನಸ್ಸು ಅವರಿಗಿಲ್ಲ, ಕ್ರೈಸ್ತ ವಿಶ್ವಾಸವು ಅದನ್ನು ಅವರಿಂದ ಕೇಳುವುದೂ ಇಲ್ಲ. ಹಾಗಾದರೆ 60ನೇ ವಯಸ್ಸಿನಲ್ಲಿ ತೆರೆದುಕೊಳ್ಳುವ ಈ ದೀರ್ಘ ಅವಧಿ ಯಾವುದಕ್ಕಾಗಿ? ಅದರಲ್ಲಿ ಸಂತೋಷಪಡುವುದು ಸ್ವಾರ್ಥವೇ, ಕೃಪೆಯೇ? ಪವಿತ್ರ ಗ್ರಂಥದ ಬೆಳಕಿನಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಹುದ್ದೆ ಮತ್ತು ವ್ಯಕ್ತಿ

ನಿವೃತ್ತರಾದವರು ತಮ್ಮನ್ನು ಪರಿಚಯಿಸಿಕೊಳ್ಳುವ ರೀತಿಯನ್ನು ಗಮನಿಸಬೇಕು. ‘ನಾನು ಮುಖ್ಯೋಪಾಧ್ಯಾಯನಾಗಿದ್ದೆ’, ‘ನಾನು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದೆ’ ಎಂದು ಮಾತು ಭೂತಕಾಲದಲ್ಲೇ ಆರಂಭವಾಗುತ್ತದೆ. ಹುದ್ದೆಯೇ ವ್ಯಕ್ತಿಯಾಗಿದ್ದಲ್ಲಿ, ಹುದ್ದೆ ಕಳೆದ ದಿನ ವ್ಯಕ್ತಿಯೂ ಕಳೆದುಹೋದಂತೆ ಭಾಸವಾಗುವುದು ಸಹಜ. ಜಗದ್ಗುರು ಸಂತ ಎರಡನೆಯ ಜಾನ್ ಪಾಲರು 1981ರಲ್ಲಿ ಹೊರಡಿಸಿದ ‘ಲಬೋರೆಮ್ ಎಕ್ಸೆರ್ಚೆನ್ಸ್’ ಎಂಬ ವಿಶ್ವಪರಿಪತ್ರದಲ್ಲಿ ಈ ತಪ್ಪು ತಿಳಿವಳಿಕೆಯನ್ನು ಅದರ ಬುಡದಲ್ಲೇ ತಿದ್ದಿದರು. ದುಡಿಮೆಗೆ ಬೆಲೆ ಬರುವುದು ಮೊದಲಾಗಿ ದುಡಿಯುವ ವ್ಯಕ್ತಿಯಿಂದ, ತಯಾರಾದ ವಸ್ತುವಿನಿಂದಲ್ಲ. ದುಡಿಮೆ ಇರುವುದು ಮಾನವನಿಗಾಗಿ ಎಂಬುದು ಆ ಬೋಧನೆಯ ತಿರುಳು. ಇದನ್ನು ಒಪ್ಪುವುದಾದರೆ ಇನ್ನೊಂದನ್ನೂ ಒಪ್ಪಲೇಬೇಕು: ದುಡಿಮೆ ನಿಂತಾಗ ಅದರ ಘನತೆಯ ಮೂಲ ನಿಲ್ಲುವುದಿಲ್ಲ. ಅದು ಮನೆಯಲ್ಲಿ, ಜಗಲಿಯ ಮೇಲೆ ಕುಳಿತಿರುವ ಆ ವ್ಯಕ್ತಿಯಲ್ಲಿಯೇ ಇದೆ.

2. ಲೇವಿಯರ ನಿವೃತ್ತಿ

ವಯಸ್ಸನ್ನು ನಮೂದಿಸಿ ಸೇವೆಯಿಂದ ಬಿಡುಗಡೆಯನ್ನು ವಿಧಿಸುವ ನಿಯಮವೊಂದು ಸಂಖ್ಯಾಕಾಂಡದಲ್ಲಿದೆ (8:24-26). ಲೇವಿಯನು 25ನೇ ವಯಸ್ಸಿನಲ್ಲಿ ದೇವದರ್ಶನದ ಗುಡಾರದ ಸೇವೆಗೆ ಸೇರಬೇಕು. 50 ವರ್ಷವಾದಾಗ ಅದರಿಂದ ಹೊರಬರಬೇಕು. ಅದೇ ಗ್ರಂಥದ 4ನೇ ಅಧ್ಯಾಯ ಆರಂಭದ ವಯಸ್ಸನ್ನು 30 ಎಂದು ಹೇಳಿದರೂ ಕೊನೆಯ ಗಡಿ ಅಲ್ಲಿಯೂ 50.

ಈ ಸೇವೆಯ ಸ್ವರೂಪವನ್ನು ತಿಳಿದರೆ ಗಡಿಯ ಕಾರಣ ಅರ್ಥವಾಗುತ್ತದೆ. ಜನರು ಪಾಳೆಯ ಕಿತ್ತು ಹೊರಟಾಗಲೆಲ್ಲ ಗುಡಾರವನ್ನು ಬಿಚ್ಚಬೇಕು, ಹೊರಬೇಕು, ಮತ್ತೆ ಕಟ್ಟಬೇಕು. ಗೇರ್ಷೋನ್ಯರಿಗೆ ಪರದೆಗಳ, ಮೆರಾರೀಯರಿಗೆ ಚೌಕಟ್ಟು, ಕಂಬ, ಗದ್ದಿಗೆಕಲ್ಲುಗಳ ಹೊಣೆ. ಕೆಹಾತ್ಯರಾದರೋ ಪವಿತ್ರ ವಸ್ತುಗಳನ್ನು ಹೆಗಲ ಮೇಲೆಯೇ ಹೊರಬೇಕಿತ್ತು. ಅವರಿಗೆ ಬಂಡಿಗಳನ್ನು ಕೊಡಲಿಲ್ಲ (7:9). ಇದು ಮೈಮುರಿಯುವ ಕೆಲಸ. ಹೀಬ್ರೂ ಮೂಲ ಇದನ್ನು ‘ಅವೋದಾ’ ಎನ್ನುತ್ತದೆ.

ನಿಯಮ ಇಲ್ಲಿಗೆ ಮುಗಿಯುವುದಿಲ್ಲ. 50 ದಾಟಿದ ಲೇವಿಯನು ಗುಡಾರದಲ್ಲಿ ತನ್ನ ಸಹೋದರರ ಜೊತೆಗಿದ್ದು ಅವರಿಗೆ ನೆರವಾಗಬಹುದು, ಕಾವಲಿನ ಹೊಣೆಯನ್ನು ನಿರ್ವಹಿಸಬಹುದು; ‘ಅವೋದಾ’ವನ್ನು ಮಾತ್ರ ಮಾಡಬಾರದು. ಕಾವಲಿಗೆ ಇಲ್ಲಿ ಬಳಕೆಯಾದ ಪದ ‘ಮಿಷ್ಮೆರೆತ್’. ಅದು ‘ಕಾಯು’ ಎಂಬ ಅರ್ಥದ ‘ಶಾಮರ್’ ಎಂಬ ಕ್ರಿಯಾಪದದಿಂದ ಬಂದಿದೆ. ಹೀಗೆ ಒಂದೇ ವಾಕ್ಯದಲ್ಲಿ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಹೊರೆ ಇಳಿಯುತ್ತದೆ, ಕಾವಲು ಉಳಿಯುತ್ತದೆ. ಹಿರಿಯನನ್ನು ಗುಡಾರದಿಂದ ಹೊರಗೆ ಕಳುಹಿಸುವುದಿಲ್ಲ. ಮತ್ತೆ ಕಂಬ ಹೊರುವಂತೆಯೂ ಹೇಳುವುದಿಲ್ಲ.

ಇದೇ ಎರಡು ಧಾತುಗಳು ಆದಿಕಾಂಡದಲ್ಲಿ (2:15) ಜೊತೆಯಾಗಿ ಬರುತ್ತವೆ. ದೇವರು ಮಾನವನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಉಳುವುದಕ್ಕೆ ಮತ್ತು ಕಾಯುವುದಕ್ಕೆ. ಆಯುಷ್ಯದ ನಡುಭಾಗದಲ್ಲಿ ಉಳುಮೆಯ ಭರಾಟೆಯಲ್ಲಿ ಕಾಯುವಿಕೆ ಮರೆಯಾಗಿರುತ್ತದೆ. ನಿವೃತ್ತಿಯಲ್ಲಿ ಅದು ಮುನ್ನೆಲೆಗೆ ಬರುತ್ತದೆ. ಆದುದರಿಂದ ನಿವೃತ್ತಿಯನ್ನು ಕರೆಯ ಅಂತ್ಯವೆಂದು ತಿಳಿಯದೆ, ಮೊದಲಿನಿಂದಲೂ ಇದ್ದ ಕರೆಯ ಇನ್ನೊಂದು ಮುಖವೆಂದು ತಿಳಿಯುವುದು ಯುಕ್ತ.

3. ಕಾವಲು ಎಂದರೇನು?

ಲೂಕನ ಶುಭಸಂದೇಶದ ಪ್ರವಾದಿನಿ ಅನ್ನಳು (2:36-38) ಈ ಕಾವಲಿನ ಸುಂದರ ನಿದರ್ಶನ. ವಯೋವೃದ್ಧೆಯಾದ ಈ ವಿಧವೆ ಹಗಲಿರುಳು ಮಹಾದೇವಾಲಯದಲ್ಲಿ ಉಪವಾಸ ಪ್ರಾರ್ಥನೆಗಳಲ್ಲಿ ಇರುತ್ತಿದ್ದಳು. ಅಲ್ಲಿ ಆಕೆಗೆ ಯಾವ ಅಧಿಕಾರವೂ ಇರಲಿಲ್ಲ. ಆದರೂ ಬಡ ದಂಪತಿಗಳ ಕೈಯಲ್ಲಿದ್ದ ಮಗುವನ್ನು ಗುರುತಿಸಿದವರಲ್ಲಿ ಆಕೆಯೂ ಒಬ್ಬಳು. ಗುರುತಿಸಿ ಸುಮ್ಮನಾಗದೆ, ಬಿಡುಗಡೆಗಾಗಿ ಕಾದಿದ್ದವರಿಗೆಲ್ಲ ತಿಳಿಸಿದಳು. ಇರುವುದು, ನೋಡುವುದು, ಪ್ರಾರ್ಥಿಸುವುದು, ಹೇಳುವುದು: ಕಾವಲಿನ ಕೆಲಸ ಇಷ್ಟೇ, ಮತ್ತು ಅದು ಸಣ್ಣದಲ್ಲ.

ನಮ್ಮ ನಿತ್ಯಜೀವನದಲ್ಲಿ ಇದಕ್ಕೆ ಅವಕಾಶಗಳು ಬೇಕಾದಷ್ಟಿವೆ. ನಿವೃತ್ತ ಶಿಕ್ಷಕಿ ಓದಲು ತೊಡಕುಪಡುವ ನೆರೆಮನೆಯ ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕೂರಬಹುದು. ಲೆಕ್ಕ ಬಲ್ಲವರು ವಿಧವೆಯೊಬ್ಬಳ ಪಿಂಚಣಿ ಅರ್ಜಿಯನ್ನು ತುಂಬಿಕೊಡಬಹುದು. ಬೀದಿಯಲ್ಲಿ ಯಾರು ಎರಡು ದಿನಗಳಿಂದ ಕಾಣಲಿಲ್ಲ ಎಂಬುದನ್ನು ಗಮನಿಸುವವರು ಹಿರಿಯರೇ. ಬೆಳಗಿನ ಬಲಿಪೂಜೆಯಲ್ಲಿ ಅಂಥವರ ಹೆಸರು ಹಿಡಿದು ಪ್ರಾರ್ಥಿಸುವವರೂ ಅವರೇ.

4. ಲಾಭವಲ್ಲ, ಪಾಲು

ಉದ್ದೇಶವೊಂದನ್ನೇ ಹೇಳಿ ಸಂತೋಷವನ್ನು ಬಿಟ್ಟರೆ ಮಾತು ಅರ್ಧಕ್ಕೆ ನಿಂತಂತೆ. ಉಪದೇಶಕ ಗ್ರಂಥವು ಮೊದಲ ಅಧ್ಯಾಯದಲ್ಲೇ, ಮಾನವನ ಶ್ರಮಕ್ಕೆಲ್ಲ ಸಿಗುವ ‘ಯಿತ್ರೋನ್’ ಏನು ಎಂದು ಕೇಳುತ್ತದೆ. ಯಿತ್ರೋನ್ ಎಂದರೆ ಖರ್ಚು ಕಳೆದು ಉಳಿಯುವ ಲಾಭ; ಲೆಕ್ಕದ ವಾಸನೆಯುಳ್ಳ ಪದ. ಗ್ರಂಥಕರ್ತನು ಅಂಥ ಲಾಭವನ್ನು ಎಲ್ಲಿಯೂ ಕಾಣದೆ ನಿರಾಶನಾಗುತ್ತಾನೆ. ಆದರೆ ಆತನು ಮತ್ತೆ ಮತ್ತೆ ಬೇರೊಂದನ್ನು ಕಾಣುತ್ತಾನೆ: ‘ಹೇಲೆಕ್’, ಅಂದರೆ ಪಾಲು. ಉಣ್ಣುವುದು, ಕುಡಿಯುವುದು, ಪ್ರೀತಿಯ ಮಡದಿಯೊಡನೆ ಬಾಳುವುದು ಇವೆಲ್ಲ ದೇವರು ಕೊಡುವ ಪಾಲು (5:18-19, 9:7-9).

ನೌಕರಿಯ ವರ್ಷಗಳು ದಿನದ ಕೊನೆಗೆ ‘ಇಂದು ಏನು ಗಳಿಸಿದೆ?’ ಎಂದು ಕೇಳುವುದನ್ನು ನಮಗೆ ಕಲಿಸಿರುತ್ತವೆ. ನಿವೃತ್ತಿಯ ದಿನಕ್ಕೂ ಅದೇ ಪ್ರಶ್ನೆಯನ್ನು ಹಾಕಿದರೆ ಉತ್ತರ ಸೊನ್ನೆ. ‘ಇಂದು ನನಗೆ ಏನು ಕೊಡಲ್ಪಟ್ಟಿತು?’ ಎಂದು ಕೇಳಿದರೆ, ಆತುರವಿಲ್ಲದೆ ಕುಡಿದ ಕಾಫಿ, ಕುಂಡದಲ್ಲಿ ಚಿಗುರಿದ ಕರಿಬೇವು, ಮೊಮ್ಮಗಳ ಪ್ರಶ್ನೆ, ಹಳೆಯ ಗೆಳೆಯನೊಡನೆ ಕೆರೆಯ ದಡದ ನಡಿಗೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೃತಜ್ಞತಾಸ್ತುತಿ ಆರಂಭವಾಗುವುದು ಇಲ್ಲಿಯೇ.

ಇಂಥ ಸಂತೋಷವನ್ನು ಅನುಮಾನದಿಂದ ನೋಡುವವರಿಗೆ ಸಂತ ತೋಮಸ್ ಅಕ್ವಿನಾಸರ ಉತ್ತರವಿದೆ. ‘ಸುಮ್ಮಾ’ ಗ್ರಂಥದ ಎರಡನೇ ಭಾಗದ ದ್ವಿತೀಯಾರ್ಧದಲ್ಲಿ, 168ನೇ ಪ್ರಶ್ನೆಯಲ್ಲಿ ಅವರು ವಿನೋದವನ್ನು ಚರ್ಚಿಸುತ್ತಾರೆ. ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಆತ್ಮಕ್ಕೂ ಬೇಕು. ಆತ್ಮದ ವಿಶ್ರಾಂತಿಯೇ ಸಂತೋಷ. ಸದಾ ಬಿಗಿದಿಟ್ಟ ಬಿಲ್ಲು ಮುರಿಯುತ್ತದೆ ಎಂಬ ಹಳೆಯ ದೃಷ್ಟಾಂತವನ್ನೂ ಅವರು ನೆನೆಯುತ್ತಾರೆ. ತಾನೂ ನಗದೆ ಇತರರ ನಗುವನ್ನೂ ತಡೆಯುವುದು ದೋಷವೆಂಬುದು ಅವರ ತೀರ್ಮಾನ.

5. ಎರಡು ಎಚ್ಚರಿಕೆಗಳು

ಮೊದಲನೆಯದು ಹಿರಿಯರಿಗೆ. ಕಾವಲು ಎಂದರೆ ಹಿಡಿತವಲ್ಲ. ಲೇವಿಯನು ಕಂಬವನ್ನು ಕಿರಿಯನ ಹೆಗಲಿಗೆ ಕೊಟ್ಟ ಮೇಲೆ, ಅದನ್ನು ಹೊರುವ ರೀತಿಯನ್ನು ಹೆಜ್ಜೆಹೆಜ್ಜೆಗೂ ತಿದ್ದುತ್ತಾ ಹಿಂದೆ ನಡೆಯುವುದು ನೆರವಲ್ಲ. ಧರ್ಮಕೇಂದ್ರದ ಸಮಿತಿಗಳಿಗೂ, ಮಗ ಸೊಸೆಯರ ಸಂಸಾರಕ್ಕೂ ಈ ಮಾತು ಸಲ್ಲುತ್ತದೆ. ಯಾಜಕರೂ ಇದಕ್ಕೆ ಹೊರತಲ್ಲ. 75 ವರ್ಷ ತುಂಬಿದ ಧರ್ಮಕೇಂದ್ರದ ಗುರು ರಾಜೀನಾಮೆ ಸಲ್ಲಿಸಬೇಕೆಂದು ಧರ್ಮಸಭೆಯ ಕಾನೂನು (538) ಕೋರುತ್ತದೆ. 2013ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಪೀಠದಿಂದಿಳಿದು ಪ್ರಾರ್ಥನೆಯ ಬದುಕನ್ನು ಆರಿಸಿಕೊಂಡುದನ್ನು ನಾವು ಕಂಡಿದ್ದೇವೆ.

ಎರಡನೆಯದು ಕುಟುಂಬಕ್ಕೆ ಮತ್ತು ಧರ್ಮಸಭೆಗೆ. ‘ಅವೋದಾ’ ಮಾಡಬಾರದು ಎಂಬುದು ಹಿರಿಯರಿಗೆ ಕೊಟ್ಟ ರಕ್ಷಣೆಯೂ ಹೌದು. ಅಜ್ಜಿಯನ್ನು ಸಂಬಳವಿಲ್ಲದ ಆಯಾ ಆಗಿಸುವುದು, ನಿವೃತ್ತನನ್ನು ಚರ್ಚಿನ ಬಿಟ್ಟಿ ಗುಮಾಸ್ತನಾಗಿಸುವುದು ಈ ನಿಯಮಕ್ಕೆ ವಿರುದ್ಧ. ಗಂಡ ನಿವೃತ್ತನಾದ ಮನೆಯಲ್ಲಿ ಹೆಂಡತಿಯ ಅಡುಗೆಮನೆಗೂ ಬಿಡುವು ಸಿಕ್ಕಿತೇ ಎಂದು ಕೇಳಬೇಕು. ಕೂಲಿಯವರಿಗೆ, ಮನೆಗೆಲಸದವರಿಗೆ ನಿವೃತ್ತಿಯ ದಿನಾಂಕವೇ ಇಲ್ಲ; ಮೈ ಸೋತ ದಿನವೇ ಅವರ ನಿವೃತ್ತಿ. ಅವರ ಹೊರೆ ಇಳಿಸದೆ ನಿವೃತ್ತಿಯ ಆಧ್ಯಾತ್ಮಿಕತೆಯನ್ನು ಬೋಧಿಸುವುದು ಅರ್ಧ ಬೋಧನೆ.

ಉಪಸಂಹಾರ

ಕಾವಲು ಕಾಯಲೂ ಆಗದ ದಿನ ಬರಬಹುದು. ಕಣ್ಣು ಮಬ್ಬಾಗುತ್ತದೆ, ಹೆಸರುಗಳು ಮರೆಯುತ್ತವೆ. ತಂದೆಯ ಬುದ್ಧಿ ಕುಂದಿದರೂ ಆತನನ್ನು ಹೀಗಳೆಯಬಾರದೆಂದು ಸಿರಾಖನ ಗ್ರಂಥ (3:12-13) ಮಕ್ಕಳಿಗೆ ಹೇಳುವುದು ಆ ದಿನವನ್ನು ಕುರಿತೇ. ಆಗ ಕರೆ ಮುಗಿಯಿತೇ? 121ನೇ ಕೀರ್ತನೆಯ ಎಂಟು ವಚನಗಳಲ್ಲಿ ‘ಶಾಮರ್’ ಎಂಬ ಅದೇ ಕ್ರಿಯಾಪದ ಆರು ಸಲ ಬರುತ್ತದೆ. ಅಲ್ಲಿ ಕಾಯುವವನು ಲೇವಿಯನಲ್ಲ, ತೂಕಡಿಸದ ದೇವರೇ. ಇಷ್ಟು ಕಾಲ ಇತರರನ್ನು ಕಾದವರು ಇನ್ನು ಮುಂದೆ ಕಾಯಲ್ಪಡುವವರಾಗುತ್ತಾರೆ. ಅದನ್ನು ಮನಸಾರೆ ಒಪ್ಪಿಕೊಳ್ಳುವುದನ್ನು ಕಲಿಯಲು ನಿವೃತ್ತಿಯ ನೆಮ್ಮದಿಯ ವರ್ಷಗಳು ನಮಗೆ ದೊರೆತ ಸಮಯ.