ಟ್ರಾಫಿಕ್ ಎಂಜಿನಿಯರಿಂಗ್: ಕೆಂಪು ದೀಪದ ಹಿಂದಿನ ಲೆಕ್ಕಾಚಾರ

ಬೆಂಗಳೂರು: ವೃತ್ತದಲ್ಲಿ ಕೆಂಪು ದೀಪ ಹೊತ್ತಿದೊಡನೆ ಕಾರು, ಬಸ್ಸುಗಳು ನಿಲ್ಲುತ್ತವೆ. ಬೈಕುಗಳು ಮಾತ್ರ ನಿಲ್ಲುವುದಿಲ್ಲ. ಅವು ಸಂದುಗಳಲ್ಲಿ ನುಸುಳಿ ಮುಂದೆ ಬಂದು, ನಿಲುಗಡೆ ಗೆರೆಯನ್ನೂ ದಾಟಿ ಗುಂಪಾಗಿ ಕಾಯುತ್ತವೆ. ನಗರವಾಸಿಗಳಿಗೆ ಇದು ನಿತ್ಯದ ನೋಟ. ಆದರೆ ವಿಶ್ವವಿದ್ಯಾಲಯದಲ್ಲಿ ಟ್ರಾಫಿಕ್ ಎಂಜಿನಿಯರಿಂಗ್ ಕಲಿಯುವ ವಿದ್ಯಾರ್ಥಿಗಳಿಗೆ ಇದೇ ಮೊದಲ ತೊಡಕು. ಏಕೆಂದರೆ ಅವರ ಪಠ್ಯದ ಬಹುಪಾಲು ಸೂತ್ರಗಳು, ವಾಹನಗಳು ಪಥ ಬಿಡದೆ ಒಂದರ ಹಿಂದೊಂದು ಸಾಗುವ ದೇಶಗಳಲ್ಲಿ ರೂಪುಗೊಂಡಂಥವು.

ಈ ವಿಷಯ ನಮ್ಮಲ್ಲಿ ಸಾಮಾನ್ಯವಾಗಿ ಸಿವಿಲ್ ಎಂಜಿನಿಯರಿಂಗ್‌ನ ಒಂದು ಕವಲು. ಬಿ.ಇ. ಹಂತದಲ್ಲಿ ಹೆದ್ದಾರಿ ನಿರ್ಮಾಣದ ಜೊತೆಗೆ ಒಂದೆರಡು ಪತ್ರಿಕೆಗಳಷ್ಟೇ ಇರುತ್ತವೆ. ಆಳವಾದ ಅಧ್ಯಯನಕ್ಕೆ ಎರಡು ವರ್ಷಗಳ ಸ್ನಾತಕೋತ್ತರ ಪದವಿಯೇ ದಾರಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾರಿಗೆ ಎಂಜಿನಿಯರಿಂಗ್, ಬೆಂಗಳೂರಿನ ಯುವಿಸಿಇಯಲ್ಲಿ ಹೆದ್ದಾರಿ ಎಂಜಿನಿಯರಿಂಗ್ ಬೋಧನೆ ಬಹುಕಾಲದಿಂದ ನಡೆದುಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂಲಸೌಕರ್ಯ, ಸುಸ್ಥಿರ ಸಾರಿಗೆ ಮತ್ತು ನಗರ ಯೋಜನೆಗೆಂದೇ 2009ರಲ್ಲಿ ಕೇಂದ್ರವೊಂದು ಆರಂಭವಾಯಿತು.

ಕಾಯುವ ಹೊತ್ತಿನ ಗಣಿತ

ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವ ಹೆಸರುಗಳಲ್ಲಿ ಒಂದು ವೆಬ್‌ಸ್ಟರ್. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಈ ತಜ್ಞ 1958ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ತರಗತಿಯಲ್ಲಿದೆ. ಸಿಗ್ನಲ್ ಒಂದು ಸುತ್ತು ಮುಗಿಸಲು ಎಷ್ಟು ಸೆಕೆಂಡು ತೆಗೆದುಕೊಂಡರೆ ಒಟ್ಟು ವಿಳಂಬ ಕಡಿಮೆಯಾದೀತು ಎಂಬುದನ್ನು ಅದು ಹೇಳುತ್ತದೆ. ದೀಪ ಬದಲಾಗುವಾಗ ಪ್ರತಿ ಸುತ್ತಿನಲ್ಲಿ ವ್ಯರ್ಥವಾಗುವ ಸಮಯವನ್ನು ಒಂದೂವರೆ ಪಟ್ಟು ಮಾಡಿ, ಅದಕ್ಕೆ ಐದು ಸೇರಿಸಬೇಕು. ಬಂದ ಮೊತ್ತವನ್ನು, ಒಂದರಿಂದ ವಾಹನ ಒತ್ತಡದ ಅನುಪಾತ ಕಳೆದು ಉಳಿದದ್ದರಿಂದ ಭಾಗಿಸಬೇಕು. ಒತ್ತಡದ ಅನುಪಾತವೆಂದರೆ, ಹಸಿರು ದೀಪದಲ್ಲಿ ರಸ್ತೆ ದಾಟಿಸಬಲ್ಲ ವಾಹನಗಳಿಗೆ ಹೋಲಿಸಿದರೆ ಬರುತ್ತಿರುವ ವಾಹನಗಳೆಷ್ಟು ಎಂಬ ಲೆಕ್ಕ. ಪ್ರತಿ ಸರದಿಯ ಅತಿ ಒತ್ತಡದ ದಿಕ್ಕಿನದನ್ನು ಕೂಡಿಸಿದ್ದು.

ವ್ಯರ್ಥ ಸಮಯ 12 ಸೆಕೆಂಡು ಎಂದಿಟ್ಟುಕೊಳ್ಳೋಣ. ಒತ್ತಡ 0.75 ಇದ್ದರೆ ಸುತ್ತು 92 ಸೆಕೆಂಡು. ಒತ್ತಡ 0.85ಕ್ಕೆ ಏರಿದರೆ 153 ಸೆಕೆಂಡು. 0.95 ಮುಟ್ಟಿದರೆ 460 ಸೆಕೆಂಡು, ಅಂದರೆ ಏಳೂವರೆ ನಿಮಿಷಕ್ಕೂ ಹೆಚ್ಚು! ಸೂತ್ರವೇ ಕೈಚೆಲ್ಲುವ ಹಂತವದು. ನಿನ್ನೆ ಸರಾಗವಾಗಿದ್ದ ವೃತ್ತ ಇಂದು ಸ್ವಲ್ಪವೇ ಹೆಚ್ಚು ವಾಹನ ಬಂದದ್ದಕ್ಕೆ ಏಕೆ ಹೀಗೆ ಕಟ್ಟಿಕೊಂಡಿತು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ.

ಬೈಕು ಎಷ್ಟು ಕಾರಿಗೆ ಸಮ?

ಆದರೆ 'ಎಷ್ಟು ವಾಹನ' ಎಂದು ಎಣಿಸುವುದಾದರೂ ಹೇಗೆ? ಬಸ್ಸೂ ಒಂದು, ಸೈಕಲ್ಲೂ ಒಂದು ಎಂದರೆ ಲೆಕ್ಕ ಕೆಡುತ್ತದೆ. ಆದ್ದರಿಂದ ಎಲ್ಲವನ್ನೂ ಕಾರಿನ ಅಳತೆಗೆ ತರಲಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 1990ರಲ್ಲಿ ನಗರ ರಸ್ತೆಗಳಿಗೆ ನೀಡಿದ ಮಾರ್ಗಸೂಚಿಯಂತೆ, ಸಂಚಾರದಲ್ಲಿ ದ್ವಿಚಕ್ರ ವಾಹನಗಳ ಪಾಲು ಶೇ 5ರಷ್ಟಿದ್ದಾಗ ಒಂದು ಬೈಕು 0.5 ಕಾರಿಗೆ ಸಮ. ಪಾಲು ಶೇ 10 ಅಥವಾ ಅದಕ್ಕಿಂತ ಹೆಚ್ಚಾದರೆ 0.75. ಆಟೊರಿಕ್ಷಾ 1.2ರಿಂದ 2ಕ್ಕೆ, ಬಸ್ಸು 2.2ರಿಂದ 3.7ಕ್ಕೆ ಏರುತ್ತದೆ. ಶೇ 10ನ್ನು ಎಂದೋ ದಾಟಿ ದ್ವಿಚಕ್ರ ವಾಹನಗಳೇ ತುಂಬಿರುವ ಬೆಂಗಳೂರಿನಂಥ ನಗರಕ್ಕೆ ಈ ಎರಡೇ ಮೆಟ್ಟಿಲು ಸಾಲದೆಂಬುದು ಯಾರಿಗಾದರೂ ಹೊಳೆಯುವ ಮಾತು. ನವದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಭಾರತದ ರಸ್ತೆಗಳಿಗೇ ಮೀಸಲಾದ ಸಾಮರ್ಥ್ಯ ಕೈಪಿಡಿ ಹೊರಬಂದದ್ದು 2017ರಲ್ಲಿ.

ಹೀಗಾಗಿ ಈ ಪದವಿಯ ಬಹುಪಾಲು ಶ್ರಮ ಇಂದಿಗೂ ಎಣಿಕೆಯದೇ. ವಿದ್ಯಾರ್ಥಿಗಳು ವೃತ್ತದ ಪಕ್ಕದ ಕಟ್ಟಡದ ಮೇಲೆ ಕ್ಯಾಮೆರಾ ಇಟ್ಟು, ಬೆಳಗಿನ ಹಾಗೂ ಸಂಜೆಯ ದಟ್ಟಣೆಯನ್ನು ಚಿತ್ರೀಕರಿಸಿ, ಬಳಿಕ ಕಂಪ್ಯೂಟರ್ ಮುಂದೆ ಕುಳಿತು ವಾಹನಗಳನ್ನು ವರ್ಗವಾರು ಬೇರ್ಪಡಿಸುತ್ತಾರೆ. ಬೇಸರದ ಕೆಲಸವೇ ಸರಿ. ಆದರೆ ಮುಂದಿನ ಎಲ್ಲ ತಂತ್ರಜ್ಞಾನವೂ ಈ ಅಂಕಿಗಳ ಮೇಲೆಯೇ ನಿಂತಿದೆ. ರಸ್ತೆಯನ್ನು ಪರದೆಯ ಮೇಲೆ ಅನುಕರಿಸುವ ಜರ್ಮನಿಯ ವಿಸಿಮ್ ತಂತ್ರಾಂಶದಲ್ಲಿ ಚಾಲಕರ ವರ್ತನೆಗೆ ಆಧಾರ, ಅದೇ ದೇಶದಲ್ಲಿ 1974ರಲ್ಲಿ ವೀಡೆಮನ್ ರೂಪಿಸಿದ ಮಾದರಿ. ಅದರ ಮೂಲ ಅಂಕಿಗಳನ್ನು ಬದಲಿಸದೆ ನಮ್ಮ ವೃತ್ತವನ್ನು ಚಿತ್ರಿಸಿದರೆ, ಪರದೆಯ ಮೇಲೆ ಕಾಣುವುದು ಜರ್ಮನಿಯ ಚಾಲಕರೇ.

ಚತುರ ಸಾರಿಗೆ ವ್ಯವಸ್ಥೆ ಪಠ್ಯದೊಳಗೆ ಬರುವುದು ಇದರ ನಂತರ. ನಿಗದಿತ ಸಮಯಕ್ಕೆ ಬದಲಾಗುವ ಬದಲು, ಬರುವ ವಾಹನಗಳನ್ನು ಗ್ರಹಿಸಿ ತಾನೇ ಸಮಯ ಹೊಂದಿಸಿಕೊಳ್ಳುವ ಸಿಗ್ನಲ್ ಇದರ ಮುಖ್ಯ ಅಂಗ. ಬ್ರಿಟನ್ನಿನ ಸ್ಕೂಟ್, ಸಿಡ್ನಿಯ ಸ್ಕ್ಯಾಟ್ಸ್ ವ್ಯವಸ್ಥೆಗಳು ರಸ್ತೆಯಡಿ ಹೂತ ತಂತಿ ಸುರುಳಿಗಳನ್ನು ನೆಚ್ಚಿ ಬೆಳೆದವು. ಪೈಪಿಗೆ, ಕೇಬಲ್ಲಿಗೆ ಎಂದು ಪದೇ ಪದೇ ರಸ್ತೆ ಅಗೆಯುವ ನಗರದಲ್ಲಿ ಆ ಸುರುಳಿಗಳ ಆಯುಸ್ಸು ಎಷ್ಟು? ಆದುದರಿಂದಲೇ ಇಲ್ಲಿ ಕ್ಯಾಮೆರಾಕ್ಕೆ ಒಲವು. ಬೆಂಗಳೂರು ಸಂಚಾರ ಪೊಲೀಸರು 2024ರಲ್ಲಿ ಇಂಥ ಹೊಂದಾಣಿಕೆಯ ಸಿಗ್ನಲ್‌ಗಳನ್ನು ಆರಂಭಿಸಿದರು.

ಐದು ಸೆಕೆಂಡಿನ ಪ್ರಶ್ನೆ

ಯಂತ್ರ ಎಷ್ಟೇ ಚತುರವಾಗಿರಲಿ, ಯಾರಿಗೆ ಎಷ್ಟು ಸಮಯ ಎಂಬ ನಿರ್ಧಾರ ಮನುಷ್ಯರದೇ. ಪಾದಚಾರಿಯ ನಡಿಗೆಯನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುವುದು ರೂಢಿ. ಆ ಲೆಕ್ಕದಲ್ಲಿ 18 ಮೀಟರ್ ಅಗಲದ ರಸ್ತೆ ದಾಟಲು 15 ಸೆಕೆಂಡು ಸಾಕು. ಸೆಕೆಂಡಿಗೆ 0.9 ಮೀಟರ್ ನಡೆಯುವ ವೃದ್ಧೆಗೆ 20 ಸೆಕೆಂಡು ಬೇಕು. 15 ಸೆಕೆಂಡು ಮುಗಿದಾಗ ಆಕೆ ಇನ್ನೂ ನಾಲ್ಕೂವರೆ ಮೀಟರ್ ಹಿಂದಿರುತ್ತಾಳೆ, ರಸ್ತೆಯ ಮೇಲೆಯೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟಿದ್ದರು.

ಪದವಿ ಪಡೆದವರ ಕೈಗೆ ಈ ಸೆಕೆಂಡುಗಳು ಸಿಗುತ್ತವೆಯೇ ಎಂಬುದು ಬೇರೆಯೇ ಮಾತು. ಬೆಂಗಳೂರಿನಲ್ಲಿ ಸಿಗ್ನಲ್ ಪೊಲೀಸರದು, ರಸ್ತೆ ಪಾಲಿಕೆಗಳದು, ಬಸ್ಸು ಬಿಎಂಟಿಸಿಯದು. ಇವುಗಳ ನಡುವೆ ಹೊಂದಾಣಿಕೆ ತರಲೆಂದು 2007ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಹುಟ್ಟಿತು. 2022ರಲ್ಲಿ ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯೂ ಬಂದಿತು. ಸ್ನಾತಕೋತ್ತರ ಪದವೀಧರರಲ್ಲಿ ಹಲವರು ಸೇರುವುದು ಸಲಹಾ ಸಂಸ್ಥೆಗಳಿಗೆ. ಅವರು ಬರೆದುಕೊಟ್ಟ ವರದಿ ಇಲಾಖೆಯ ಮೇಜಿಗೆ ಹೋಗುತ್ತದೆ. ಸಿಗ್ನಲ್ ಪೆಟ್ಟಿಗೆಯ ಬೀಗದ ಕೈ ಇರುವುದು ಬೇರೆಯವರ ಬಳಿ. ದಟ್ಟಣೆ ಹೆಚ್ಚಿದಾಗ ವೃತ್ತದಲ್ಲಿ ನಿಂತ ಪೊಲೀಸ್ ಸಿಬ್ಬಂದಿ ದೀಪವನ್ನು ತಾವೇ ಬದಲಿಸುತ್ತಾರೆ.